ನಮ್ಮನ್ನು ಕೇಳದೆ ಆದೇಶ ಮಾಡಿದ್ದಾರೆ, ಹೈಕೋರ್ಟಿಗೆ ಹೋಗಬಹುದಾ? ಒಂದೊಂದೇ ಹಂತವಾಗಿ ನೋಡೋಣ

ಹತ್ತು ಜನ ಹತ್ತು ರೀತಿ ಕೇಳಿದರೂ ಪ್ರಶ್ನೆ ಒಂದೇ. "ಸರ್, ನಮ್ಮ ಮಾತು ಕೇಳಲೇ ಇಲ್ಲ, ಆರ್ಡರ್ ಮಾಡಿ ಕೈಗೆ ಕೊಟ್ಟರು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ ರದ್ದಾಗುತ್ತಾ?" ಗೋಕಾಕ, ಬೈಲಹೊಂಗಲ, ಜಮಖಂಡಿ, ಇಂಡಿ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಒಬ್ಬರದು ಉತಾರದ (ಹೊಲದ ಪಹಣಿಯ) ತಕರಾರು. ಇನ್ನೊಬ್ಬರದು ನ್ಯಾಯಬೆಲೆ ಅಂಗಡಿಯ ಪರವಾನಗಿ. ಮತ್ತೊಬ್ಬರ ಮಗನನ್ನು ಪರೀಕ್ಷೆಯಿಂದ ಡಿಬಾರ್ ಮಾಡಿದ್ದಾರೆ.

ಉತ್ತರ: ಹೌದು, ರದ್ದಾಗಬಹುದು. ಆದರೆ ಬಹಳ ಜನ ಎಲ್ಲ ಮುಗಿದ ಮೇಲೆ ವಕೀಲರ ಹತ್ತಿರ ಬರುತ್ತಾರೆ. ಈ ಥರದ ಕೇಸಿನ ಅರ್ಧ ಬಲ ತಹಶೀಲ್ದಾರ್ ಕಚೇರಿಯ ಟಪಾಲು ಟೇಬಲ್ಲಿನಲ್ಲಿ ಇರುತ್ತದೆ. ನೀವು ಅಲ್ಲಿ ಕೊಟ್ಟ ಒಂದು ಹಾಳೆ, ಅದರ ನಕಲಿನ ಮೇಲೆ ಬಿದ್ದ ಒಂದು ಸೀಲು, ಇವೇ ಮುಂದೆ ಹೈಕೋರ್ಟಿನಲ್ಲಿ ನಿಮ್ಮ ಪರವಾಗಿ ಮಾತಾಡುತ್ತವೆ. ಆದ್ದರಿಂದ ನೋಟಿಸ್ ಬಂದ ದಿನದಿಂದಲೇ ಶುರು ಮಾಡುತ್ತೇನೆ. ಆದೇಶ ಈಗಾಗಲೇ ಆಗಿಹೋಗಿದ್ದರೆ ಹಂತ 6ಕ್ಕೆ ಹೋಗಿ, ಆದರೆ ಆಮೇಲೆ ಮೇಲಿನದನ್ನೂ ಒಮ್ಮೆ ಓದಿ.

ಮೊದಲು ಮೂರು ಮಾತು ತಿಳಿದಿರಲಿ

ರಿಟ್ ಅರ್ಜಿ ಅಂದರೆ, ಸರ್ಕಾರಿ ಅಧಿಕಾರಿ ಅಥವಾ ಸಂಸ್ಥೆ ಮಾಡಿದ ನಿರ್ಧಾರ ಕಾನೂನು ಪ್ರಕಾರ ಇದೆಯಾ ನೋಡಿ ಅಂತ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹಾಕುವ ಅರ್ಜಿ. ಹಾಗೆ ನೋಡುವುದಕ್ಕೆ ನ್ಯಾಯಾಂಗ ಪರಿಶೀಲನೆ ಅನ್ನುತ್ತಾರೆ. ಇದು ಅಪೀಲು ಅಲ್ಲ. ಹೊಲ ಯಾರದು, ಅಂಗಡಿಯಲ್ಲಿ ಅಕ್ಕಿ ಕಡಿಮೆ ಇತ್ತಾ ಇಲ್ಲವಾ ಅಂತ ಹೈಕೋರ್ಟ್ ಸಾಮಾನ್ಯವಾಗಿ ಹೊಸದಾಗಿ ತೂಗಿ ನೋಡುವುದಿಲ್ಲ. ಆ ನಿರ್ಧಾರಕ್ಕೆ ಬಂದ ದಾರಿ ಸರಿ ಇತ್ತಾ ಅಂತ ನೋಡುತ್ತದೆ.

ಸಹಜ ನ್ಯಾಯ ಅಂದರೆ ಆ ದಾರಿಯ ಎರಡು ಮೂಲ ನಿಯಮಗಳು. ಒಂದು, ಯಾರ ವಿರುದ್ಧ ಆದೇಶ ಆಗುತ್ತದೋ ಅವರ ಮಾತು ಕೇಳಬೇಕು. ಎರಡು, ತನ್ನದೇ ಹಿತಾಸಕ್ತಿ ಇರುವ ವಿಷಯದಲ್ಲಿ ಯಾರೂ ತೀರ್ಪು ಕೊಡಬಾರದು. ಇವು ಬರೀ ಕೋರ್ಟುಗಳಿಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಡಿಶಾದ ಸರ್ಕಾರಿ ವೈದ್ಯೆ ಬೀನಾಪಾಣಿ ದೇಯಿ ಅವರ ಜನ್ಮದಿನಾಂಕವನ್ನು ಸರ್ಕಾರ ತಾನೇ ಬದಲಿಸಿ ನಿವೃತ್ತಿ ಮಾಡಿತ್ತು. ಯಾವ ವರದಿ ನೋಡಿ ಹಾಗೆ ಮಾಡಿತೋ ಆ ವರದಿಯನ್ನು ಅವರಿಗೆ ತೋರಿಸಿರಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆಡಳಿತದ ಆದೇಶವಾದರೂ ಅದರಿಂದ ವ್ಯಕ್ತಿಯ ಹಕ್ಕಿಗೆ ಪೆಟ್ಟು ಬೀಳುವುದಾದರೆ ಈ ನಿಯಮ ಪಾಲಿಸಲೇಬೇಕು ಎಂದಿತು.

ಪಕ್ಷಪಾತ ಅಂದರೆ ಅಧಿಕಾರಿ ಒಂದು ಕಡೆಗೆ ವಾಲಿದ್ದಾರೆ ಎಂಬ ಸಕಾರಣ ಶಂಕೆ. 'ಸಕಾರಣ' ಅನ್ನುವ ಮಾತಿಗೆ ಗೆರೆ ಹಾಕಿಕೊಳ್ಳಿ. ಅಧಿಕಾರಿ ನಿಜವಾಗಿ ಮೋಸ ಮಾಡಿದರು ಅಂತ ಸಾಬೀತು ಮಾಡಬೇಕಿಲ್ಲ. ಆದರೆ ನಿಮ್ಮ ಜಾಗದಲ್ಲಿ ಯಾವ ಸಾಮಾನ್ಯ ಮನುಷ್ಯ ನಿಂತರೂ ಅದೇ ಅನುಮಾನ ಬರುವಂತಹ ಸಂಗತಿ ಇರಬೇಕು.

ಹಂತ 1: ನೋಟಿಸನ್ನು ಮತ್ತು ಲಕೋಟೆಯನ್ನು ಒಟ್ಟಿಗೆ ಇಡಿ

ನೋಟಿಸ್ ಬಂದ ತಕ್ಷಣ ಲಕೋಟೆ ಹರಿದು ಒಲೆಗೆ ಹಾಕುವವರೇ ಜಾಸ್ತಿ. ಹಾಗೆ ಮಾಡಬೇಡಿ. ಒಬ್ಬ ರೈತರು ಒಮ್ಮೆ ನನ್ನ ಮುಂದೆ ಕಾಗದಗಳ ಗಂಟು ಬಿಚ್ಚಿದರು. ನೋಟಿಸಿನ ಮೇಲೆ ತಾರೀಖು 3 ಅಂತ ಇತ್ತು. ವಿಚಾರಣೆ 10ಕ್ಕೆ ಅಂತ ಇತ್ತು. ಏಳು ದಿನ ಸಿಕ್ಕಿದೆಯಲ್ಲ ಅಂತ ಯಾರಾದರೂ ಅನ್ನಬಹುದು. ಆದರೆ ಅವರು ಆ ಮಡಚಿದ ಕಂದು ಲಕೋಟೆಯನ್ನೂ ಇಟ್ಟುಕೊಂಡಿದ್ದರು. ಅದರ ಮೇಲೆ ಅವರ ಊರಿನ ಅಂಚೆ ಕಚೇರಿಯ ಮುದ್ರೆ 11ನೇ ತಾರೀಖಿನದು. ವಿಚಾರಣೆ ಮುಗಿದ ಮಾರನೇ ದಿನ ನೋಟಿಸ್ ಮುಟ್ಟಿತ್ತು. ಆ ಲಕೋಟೆಗಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಾಗಿರಲಿಲ್ಲ.

ತಲಾಠಿ (ಗ್ರಾಮ ಲೆಕ್ಕಿಗರು) ಅಥವಾ ಗ್ರಾಮ ಸಹಾಯಕರು ಮನೆಗೆ ತಂದು ಕೊಟ್ಟರೆ, ಸಹಿ ಮಾಡುವಾಗ ಪಕ್ಕದಲ್ಲೇ ತಾರೀಖು ಮತ್ತು ಹೊತ್ತು ಬರೆಯಿರಿ. 'ಹಿಂದಿನ ತಾರೀಖು ಹಾಕ್ರಿ, ಏನೂ ಆಗೋದಿಲ್ಲ' ಅಂತ ಹೇಳಿದರೆ ಕೇಳಬೇಡಿ.

ಇನ್ನೊಂದು ದೊಡ್ಡ ತಪ್ಪು ಅಂದರೆ, ನೋಟಿಸ್ ತೆಗೆದುಕೊಳ್ಳದೇ ಇದ್ದರೆ ಕೇಸು ನಿಂತುಹೋಗುತ್ತದೆ ಅಂತ ತಿಳಿಯುವುದು. ಅಂಚೆಯಣ್ಣ 'ತೆಗೆದುಕೊಳ್ಳಲು ನಿರಾಕರಿಸಿದರು' ಅಂತ ಷರಾ ಬರೆದು ವಾಪಸ್ ಕಳಿಸಿದರೆ, ಕಾನೂನಿನ ಲೆಕ್ಕದಲ್ಲಿ ನಿಮಗೆ ನೋಟಿಸ್ ಮುಟ್ಟಿದಂತೆಯೇ. ಆಮೇಲೆ 'ನನ್ನನ್ನು ಕೇಳಲಿಲ್ಲ' ಅಂತ ಹೇಳುವ ಬಾಯಿ ಇರುವುದಿಲ್ಲ.

ಈಗ ನೋಟಿಸ್ ಓದಿ. ಯಾವ ಆರೋಪ, ಯಾವ ಕಾಯ್ದೆಯ ಯಾವ ಕಲಂ, ಏನು ಕ್ರಮ ತೆಗೆದುಕೊಳ್ಳಬೇಕೆಂದಿದ್ದಾರೆ, ಈ ಮೂರೂ ಇವೆಯಾ? 'ನಿಮ್ಮ ಮೇಲೆ ದೂರು ಬಂದಿದೆ, ಹಾಜರಾಗಿ' ಅಂತ ಇಷ್ಟೇ ಬರೆದಿದ್ದರೆ ಅದು ಸರಿಯಾದ ನೋಟಿಸ್ ಅಲ್ಲ. ಗುತ್ತಿಗೆದಾರರು ಇಲ್ಲಿ ವಿಶೇಷವಾಗಿ ಗಮನಿಸಿ. ಕಪ್ಪುಪಟ್ಟಿಗೆ ಸೇರಿಸುವ ಯೋಚನೆ ಇದ್ದರೆ ಅದು ನೋಟಿಸಿನಲ್ಲೇ ತಿಳಿಯುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಗೂರ್ಖಾ ಸೆಕ್ಯುರಿಟಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿದೆ.

ನೋಟಿಸ್ ಸರಿ ಇಲ್ಲ ಅಂತ ಕೂಡಲೇ ಹೈಕೋರ್ಟಿಗೆ ಓಡಬೇಡಿ. ಬರೀ ಕಾರಣ ಕೇಳುವ ನೋಟಿಸಿನ ಮೇಲೆ ರಿಟ್ ಹಾಕಿದರೆ 'ಇನ್ನೂ ಆದೇಶವೇ ಆಗಿಲ್ಲವಲ್ಲ, ಹೋಗಿ ಉತ್ತರ ಕೊಡಿ' ಅಂತ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಇದಕ್ಕೆ ಹೊರತಾದದ್ದೂ ಇದೆ. ನೋಟಿಸ್ ಕಳಿಸಿದವರಿಗೆ ಅಧಿಕಾರವೇ ಇಲ್ಲದಿದ್ದರೆ, ಅಥವಾ ತಪ್ಪು ಸಾಬೀತಾಗಿದೆ ಅಂತ ಮೊದಲೇ ತೀರ್ಮಾನಿಸಿ ಸುಮ್ನೆ ಶಾಸ್ತ್ರಕ್ಕೆ ಕಾರಣ ಕೇಳಿದಂತೆ ನೋಟಿಸ್ ಬರೆದಿದ್ದರೆ, ಕೋರ್ಟ್ ನೋಡುತ್ತದೆ. 2010ರ ಓರಿಕ್ಸ್ ಫಿಶರೀಸ್ ಪ್ರಕರಣ ಅಂಥದ್ದು.

ಹಂತ 2: ದಾಖಲೆ ಕೇಳಿ, ಬರವಣಿಗೆಯಲ್ಲಿ ಕೇಳಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ನಿಮ್ಮ ವಿರುದ್ಧ ಏನನ್ನು ಬಳಸುತ್ತಾರೋ ಅದನ್ನು ನಿಮಗೆ ತೋರಿಸಬೇಕು. ತೋರಿಸದೆ ಕೇಳುವ 'ನಿಮ್ಮ ಉತ್ತರವೇನು' ಅನ್ನುವ ಪ್ರಶ್ನೆಗೆ ಬೆಲೆ ಇಲ್ಲ. ನೌಕರರ ಶಿಸ್ತು ವಿಚಾರಣೆಯಲ್ಲಂತೂ, ವಿಚಾರಣಾಧಿಕಾರಿ ಬೇರೆಯವರಾಗಿದ್ದರೆ ಅವರ ವರದಿಯ ನಕಲನ್ನು ಶಿಕ್ಷೆಗೆ ಮೊದಲೇ ನೌಕರನಿಗೆ ಕೊಡಬೇಕು ಎಂದು 1993ರಲ್ಲಿ ಬಿ. ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ನಮ್ಮ ಕಡೆ ಹೊಲದ ದಾರಿಯ ತಕರಾರಿನಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಕಂದಾಯ ನಿರೀಕ್ಷಕರು ಒಂದು ದಿನ ಬಂದು ಬಾಂದಿನ ಮೇಲೆ ನಿಂತು, ಎದುರುದಾರರು ಕರೆತಂದ ಐದು ಜನರ ಸಹಿ ಹಾಕಿಸಿ ಪಂಚನಾಮೆ ಬರೆದುಕೊಂಡು ಹೋಗಿರುತ್ತಾರೆ. ಹೊಲದ ಮಾಲೀಕರಿಗೆ ಅದು ಗೊತ್ತಾಗುವುದು ಆದೇಶದಲ್ಲಿ 'ಸ್ಥಳ ಪರಿಶೀಲನೆಯಲ್ಲಿ ದಾರಿ ಇರುವುದು ಕಂಡುಬಂದಿದೆ' ಎಂಬ ಸಾಲು ಓದಿದಾಗ! ಬೆನ್ನ ಹಿಂದೆ ಸಂಗ್ರಹಿಸಿದ ಸಾಕ್ಷಿ ಅಂದರೆ ಇದೇ.

ಅರ್ಜಿ ಹೀಗೆ ಬರೆದರೆ ಸಾಕು:

"ಮಾನ್ಯರೇ, ತಮ್ಮ ದಿನಾಂಕ ....ರ ನೋಟಿಸ್ ನನಗೆ ದಿನಾಂಕ ....ರಂದು ತಲುಪಿದೆ. ಅದರಲ್ಲಿ ಹೇಳಿರುವ ದೂರು ಅರ್ಜಿ, ಸ್ಥಳ ಪರಿಶೀಲನಾ ವರದಿ ಮತ್ತು ಪಂಚನಾಮೆಯ ನಕಲನ್ನು ನನಗೆ ಕೊಟ್ಟಿರುವುದಿಲ್ಲ. ಅವುಗಳನ್ನು ನೋಡದೆ ಪೂರ್ತಿ ಉತ್ತರ ಕೊಡಲು ಸಾಧ್ಯವಿಲ್ಲ. ನಕಲು ಕೊಟ್ಟ ಬಳಿಕ ಉತ್ತರ ಸಲ್ಲಿಸಲು 15 ದಿನ ಸಮಯ ಮತ್ತು ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಸದ್ಯಕ್ಕೆ ನೋಟಿಸಿನಲ್ಲಿನ ಆರೋಪಗಳನ್ನು ಒಪ್ಪುವುದಿಲ್ಲ."

ಕೊನೆಯ ಸಾಲನ್ನು ಬಿಡಬೇಡಿ. ದಾಖಲೆ ಕೇಳಿ ಸುಮ್ಮನೆ ಕೂತರೆ 'ಉತ್ತರವನ್ನೇ ಕೊಟ್ಟಿಲ್ಲ, ಆದ್ದರಿಂದ ಒಪ್ಪಿದ್ದಾರೆ' ಅಂತ ಬರೆಯುವ ಅಪಾಯ ಇದೆ.

ಎರಡು ಪ್ರತಿ ಮಾಡಿ. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸೀಲು, ತಾರೀಖು, ಆವಕ ನಂಬರು ಹಾಕಿಸಿಕೊಳ್ಳಿ. ಗುಮಾಸ್ತರು 'ಸಾಹೇಬರು ಇಲ್ಲ, ನಾಳೆ ಬನ್ನಿ' ಅಂದರೆ ಅಲ್ಲಿ ವಾದ ಮಾಡುತ್ತಾ ನಿಲ್ಲಬೇಡಿ. ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ನಕಲಿಗೆ ಪಿನ್ ಮಾಡಿ. ಫೋನಿನಲ್ಲಿ ಹೇಳಿದ್ದು, ಎದುರು ನಿಂತು ಕೈಮುಗಿದು ಕೇಳಿದ್ದು, ಯಾವುದೂ ಹೈಕೋರ್ಟಿನ ಕಡತದಲ್ಲಿ ಕಾಣುವುದಿಲ್ಲ.

ಬಾಗಲಕೋಟೆ ಮತ್ತು ಆಲಮಟ್ಟಿ ಹಿನ್ನೀರಿನ ಊರುಗಳವರು ಭೂಸ್ವಾಧೀನದ ಬಗ್ಗೆ ಕೇಳುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯ 15ನೇ ಕಲಂ ಪ್ರಕಾರ, ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಲಿಖಿತ ಆಕ್ಷೇಪಣೆ ಕೊಡಬೇಕು. ಕೊಟ್ಟವರ ಮಾತನ್ನು ಖುದ್ದಾಗಿಯೋ ವಕೀಲರ ಮೂಲಕವೋ ಕೇಳಬೇಕು. ಆಕ್ಷೇಪಣೆ ಕೊಡದೆ ಆಮೇಲೆ 'ನಮ್ಮನ್ನು ಕೇಳಲಿಲ್ಲ' ಅಂದರೆ ಕೋರ್ಟಿನ ಮೊದಲ ಪ್ರಶ್ನೆ 'ನೀವು ಕೇಳಿದ್ರಾ?' ಅಂತಲೇ ಇರುತ್ತದೆ.

ಹಂತ 3: ವಿಚಾರಣೆಯ ದಿನ

ಹೋಗಿ. ಬೇಸರದಿಂದ ಹೋಗದೆ ಉಳಿಯಬೇಡಿ. ಬರಲು ಆಗದಿದ್ದರೆ ಕಾರಣ ಮತ್ತು ದಾಖಲೆ ಸಮೇತ ಮುದ್ದತ್ತು ಕೇಳಿ ಅರ್ಜಿ ಕೊಡಿ. ಮುದ್ದತ್ತು ಅಂದರೆ ವಿಚಾರಣೆಯನ್ನು ಮುಂದಿನ ತಾರೀಖಿಗೆ ಹಾಕಿಸಿಕೊಳ್ಳುವುದು. ಮೂರು ನಾಲ್ಕು ಸಲ ಮುದ್ದತ್ತು ಪಡೆದವರು ಆಮೇಲೆ ಅವಕಾಶ ಸಿಗಲಿಲ್ಲ ಅಂದರೆ ಯಾವ ಕೋರ್ಟೂ ನಂಬುವುದಿಲ್ಲ.

ಅವತ್ತೇ ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಕರೆದರು, ಯಾರು ಕೂತಿದ್ದರು, ಎದುರುದಾರರು ಯಾವ ಕಾಗದ ಕೊಟ್ಟರು, ನಿಮಗೆ ಅದರ ನಕಲು ಕೊಟ್ಟರಾ. ಖಾಲಿ ಹಾಳೆಗೆ ಅಥವಾ ಓದದ ಹೇಳಿಕೆಗೆ ಸಹಿ ಹಾಕಬೇಡಿ.

ಎಲ್ಲ ಪ್ರಕರಣದಲ್ಲೂ ಎದುರು ನಿಂತು ಮಾತಾಡುವ ಹಕ್ಕು, ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಹಕ್ಕು ಇರುವುದಿಲ್ಲ. ಕೆಲವು ಕಡೆ ಲಿಖಿತ ಉತ್ತರ ಪಡೆದರೆ ಸಾಕು. ಆಯಾ ಕಾಯ್ದೆ ಮತ್ತು ಏನು ಕಳೆದುಕೊಳ್ಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಆದರೂ ಬೇಕು ಅಂತ ಬರೆದು ಕೇಳುವುದರಲ್ಲಿ ನಷ್ಟವಿಲ್ಲ.

ನಮ್ಮಲ್ಲಿ ಪದೇ ಪದೇ ಆಗುವುದು ಇನ್ನೊಂದಿದೆ. ವಾದ ಕೇಳಿದ ಅಧಿಕಾರಿ ವರ್ಗವಾಗುತ್ತಾರೆ. ಹೊಸಬರು ಬಂದು ಕಡತ ನೋಡಿ ಆದೇಶ ಬರೆದುಬಿಡುತ್ತಾರೆ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ಆ ವಿಚಾರಣೆ ಬರೀ ಹೆಸರಿಗೆ ಅಂತ ಸುಪ್ರೀಂ ಕೋರ್ಟ್ 1958ರಲ್ಲೇ, ಆಂಧ್ರದ ಬಸ್ ಮಾರ್ಗಗಳ ಕುರಿತ ಗುಳ್ಳಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿ ಕೇಳಿದವರು ಗೃಹ ಇಲಾಖೆಯ ಕಾರ್ಯದರ್ಶಿ, ತೀರ್ಮಾನಿಸಿದವರು ಮುಖ್ಯಮಂತ್ರಿ. ಅಧಿಕಾರಿ ವರ್ಗವಾದ ಸುದ್ದಿ ಕಿವಿಗೆ ಬಿದ್ದ ಕೂಡಲೇ, 'ಹೊಸದಾಗಿ ವಾದ ಕೇಳಬೇಕು' ಅಂತ ಒಂದು ಅರ್ಜಿ ಟಪಾಲಿಗೆ ಹಾಕಿ.

ಹಂತ 4: ಪಕ್ಷಪಾತ ಯಾವುದು, ಯಾವುದಲ್ಲ

ಇಲ್ಲಿ ಸ್ವಲ್ಪ ಸಾವಧಾನ ಬೇಕು. ಸಿಟ್ಟಿನಲ್ಲಿ ಎಲ್ಲವೂ ಪಕ್ಷಪಾತದಂತೆ ಕಾಣುತ್ತದೆ.

ಕೋರ್ಟ್ ಒಪ್ಪುವ ಸಂಗತಿಗಳು ಇಂಥವು. ತೀರ್ಮಾನಿಸುವವರಿಗೆ ಅದರಲ್ಲಿ ಹಣದ ಲಾಭವಿದೆ. ಮೊತ್ತ ಎಷ್ಟೇ ಚಿಕ್ಕದಿದ್ದರೂ ಇದೊಂದೇ ಸಾಕು. ಎದುರುದಾರರು ಅವರ ಹತ್ತಿರದ ಸಂಬಂಧಿ. ಅಥವಾ ನಿಮ್ಮ ಮೇಲೆ ಅವರೇ ದೂರು ಕೊಟ್ಟಿದ್ದಾರೆ, ಇಲ್ಲವೇ ಅದೇ ವಿಷಯದಲ್ಲಿ ಸಾಕ್ಷಿಯಾಗಿದ್ದಾರೆ. ಅಥವಾ ಕೆಳಗಿನ ಕಚೇರಿಯಲ್ಲಿದ್ದಾಗ ಅದೇ ಆದೇಶವನ್ನು ಅವರೇ ಮಾಡಿದ್ದಾರೆ. ಈ ಕೊನೆಯದು ಸುಮ್ನೆ ಉದಾಹರಣೆಗೆ ಹೇಳಿದ್ದಲ್ಲ. ತಹಶೀಲ್ದಾರ್ ಆಗಿದ್ದವರು ಬಡ್ತಿ ಪಡೆದು ಅದೇ ಉಪವಿಭಾಗಕ್ಕೆ ಎಸಿ (ಉಪವಿಭಾಗಾಧಿಕಾರಿ) ಆಗಿ ಬಂದರೆ, ತಮ್ಮದೇ ಆದೇಶದ ಅಪೀಲು ಅವರ ಟೇಬಲ್ಲಿಗೇ ಬರುತ್ತದೆ.

ಇದರಲ್ಲಿ ನೆನಪಿಡಬೇಕಾದ ತೀರ್ಪು 1969ರ ಎ.ಕೆ. ಕ್ರೈಪಕ್ ಪ್ರಕರಣ. ಜಮ್ಮು-ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಒಬ್ಬ ಅಭ್ಯರ್ಥಿಯೇ ಸದಸ್ಯರಾಗಿ ಕೂತಿದ್ದರು. ತಮ್ಮ ಹೆಸರು ಬಂದಾಗ ಎದ್ದು ಹೊರಗೆ ಹೋಗಿದ್ದರು. ಆದರೆ ತಮ್ಮ ಎದುರಾಳಿಗಳ ಹೆಸರು ಬಂದಾಗ ಒಳಗೇ ಇದ್ದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ಪಂಚಾಯಿತಿ ಮಳಿಗೆ ಹರಾಜು, ಸಂಘದ ನೇಮಕಾತಿ ಅಂತ ಬಂದಾಗ 'ನಮ್ಮ ತಮ್ಮನ ಹೆಸರು ಬಂದಾಗ ನಾನು ಹೊರಗೆ ಹೋಗಿದ್ದೆ' ಅನ್ನುವವರಿಗೆ ಈ ತೀರ್ಪು ತೋರಿಸಿ.

ಇನ್ನು ಯಾವುದು ಪಕ್ಷಪಾತ ಅಲ್ಲ? ಅಧಿಕಾರಿ ಗದರಿಸಿದರು, ಒಂದು ಸಲ ಮುದ್ದತ್ತು ಕೊಡಲಿಲ್ಲ, ಹಿಂದೆ ಬೇರೆ ಕೇಸಿನಲ್ಲಿ ನಿಮ್ಮ ವಿರುದ್ಧ ತೀರ್ಮಾನಿಸಿದ್ದರು, ಎದುರುದಾರರ ಸಮುದಾಯದವರು, ಎದುರುದಾರರ ಊರಿನವರು, ಇವಿಷ್ಟರಿಂದಲೇ ಪಕ್ಷಪಾತ ಆಗುವುದಿಲ್ಲ. ಜಾತಿಯ ಹೆಸರು ಎತ್ತಿ ಬರೆದ ಅರ್ಜಿಗಳಿಂದ ಒಳ್ಳೆಯ ಕೇಸುಗಳೂ ಕೆಟ್ಟಿವೆ. ದಯವಿಟ್ಟು ಬರೆಯಬೇಡಿ.

ದುರುದ್ದೇಶ ಬೇರೆಯೇ ಆರೋಪ. 'ಲಂಚ ಕೇಳಿದರು, ಕೊಡಲಿಲ್ಲ ಅಂತ ಸೇಡು ತೀರಿಸಿಕೊಂಡರು' ಅನ್ನುವುದು ದುರುದ್ದೇಶದ ಆರೋಪ. ಅದಕ್ಕೆ ಗಟ್ಟಿ ಸಾಕ್ಷಿ ಬೇಕು, ಆ ಅಧಿಕಾರಿಯನ್ನು ಹುದ್ದೆಯಿಂದಲ್ಲದೆ ಹೆಸರಿನಿಂದಲೂ ಪ್ರತಿವಾದಿ ಮಾಡಬೇಕು. ಸಾಕ್ಷಿ ಇಲ್ಲದಿದ್ದರೆ ಆ ಸಾಲು ಬರೆಯದೇ ಇರುವುದೇ ಒಳ್ಳೆಯದು. 'ನನಗೆ ವರದಿ ಕೊಡಲಿಲ್ಲ' ಅನ್ನುವ ಸರಳ ಮಾತನ್ನು ಸಾಬೀತು ಮಾಡುವುದು ಸುಲಭ, ಗೆಲ್ಲುವುದೂ ಅದೇ.

ಹಂತ 5: ಪಕ್ಷಪಾತ ಕಂಡರೆ ಅಂದೇ ಹೇಳಿ

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತು, ಆದೇಶ ವಿರುದ್ಧ ಬಂದ ಮೇಲೆ ಎತ್ತಿದರೆ ಕೇಳುವುದಿಲ್ಲ. ರಾಜಸ್ಥಾನದ ವಕೀಲ ಮಾಣಕ್ ಲಾಲ್ ಅವರ ಕಥೆ ಹಾಗಾಯಿತು. ಅವರ ಮೇಲಿನ ದುರ್ನಡತೆಯ ವಿಚಾರಣೆ ನಡೆಸಿದ ಮಂಡಳಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರ ವಕೀಲರಾಗಿದ್ದವರು. ಅವರು ಅಲ್ಲಿ ಕೂರಬಾರದಿತ್ತು ಅಂತ ಸುಪ್ರೀಂ ಕೋರ್ಟ್ 1957ರಲ್ಲಿ ಒಪ್ಪಿತು. ಆದರೂ ಮಾಣಕ್ ಲಾಲ್ ಸೋತರು. ಮೊದಲೇ ಆಕ್ಷೇಪ ಎತ್ತಲಿಲ್ಲ, ಹಕ್ಕನ್ನು ಬಿಟ್ಟುಕೊಟ್ಟಿರಿ ಎಂದಿತು ಕೋರ್ಟ್. ಕಾನೂನಿನಲ್ಲಿ ಇದಕ್ಕೆ ಹಕ್ಕುತ್ಯಾಗ ಅನ್ನುತ್ತಾರೆ.

ಅಧಿಕಾರಿಯ ಮುಖಕ್ಕೆ ಹೇಳುವುದು ಕಷ್ಟ, ನನಗೂ ಗೊತ್ತು. ನಾಳೆ ಅದೇ ಕಚೇರಿಗೆ ಇನ್ನೊಂದು ಕೆಲಸಕ್ಕೆ ಹೋಗಬೇಕು. ಆದ್ದರಿಂದ ಮೆತ್ತಗಿನ ಭಾಷೆಯಲ್ಲಿ, ಬರೀ ಸಂಗತಿ ಬರೆಯಿರಿ:

"ಮಾನ್ಯರೇ, ಈ ಅಪೀಲು ಯಾವ ಆದೇಶದ ಮೇಲೆ ಇದೆಯೋ ಆ ಆದೇಶವನ್ನು ದಿನಾಂಕ ....ರಂದು ತಾವು ತಹಶೀಲ್ದಾರ್ ಆಗಿದ್ದಾಗ ಮಾಡಿದ್ದೀರಿ. ತಮ್ಮ ಮೇಲೆ ವೈಯಕ್ತಿಕವಾಗಿ ನನ್ನ ಯಾವ ಆರೋಪವೂ ಇಲ್ಲ. ಆದರೆ ತಮ್ಮ ಆದೇಶದ ಮೇಲಿನ ಅಪೀಲನ್ನು ತಾವೇ ಕೇಳುವುದು ಸರಿಯಾಗುವುದಿಲ್ಲ. ಪ್ರಕರಣವನ್ನು ಬೇರೆ ಅಧಿಕಾರಿಗೆ ವರ್ಗಾಯಿಸಲು ಮಾನ್ಯ ಜಿಲ್ಲಾಧಿಕಾರಿಯವರಿಗೆ ಕಳಿಸಬೇಕೆಂದೂ, ಅಲ್ಲಿಯವರೆಗೆ ವಿಚಾರಣೆ ಮುಂದುವರಿಸಬಾರದೆಂದೂ ವಿನಂತಿ."

ಒಂದು ಪ್ರತಿ ಮೇಲಿನ ಕಚೇರಿಗೂ ಹೋಗಲಿ. ಇದನ್ನು ಕೊಟ್ಟ ಮೇಲೂ ಅವರೇ ವಿಚಾರಣೆ ಮುಂದುವರಿಸಿದರೆ, ಎದ್ದು ಬರಬೇಡಿ. 'ಆಕ್ಷೇಪಣೆ ಉಳಿಸಿಕೊಂಡು ಹಾಜರಾಗಿದ್ದೇನೆ' ಅಂತ ಬರೆದು ಭಾಗವಹಿಸಿ. ಒಂದು ಅಪವಾದವೂ ಇದೆ. ಕಾನೂನಿನಲ್ಲಿ ಆ ಒಬ್ಬರನ್ನು ಬಿಟ್ಟು ಬೇರೆ ಯಾರಿಗೂ ತೀರ್ಮಾನಿಸುವ ಅಧಿಕಾರವೇ ಇಲ್ಲದಿದ್ದರೆ, ಕೆಲಸ ನಿಲ್ಲಬಾರದೆಂದು ಅವರಿಗೇ ಬಿಡುತ್ತಾರೆ.

ಹಂತ 6: ಆದೇಶ ಬಂತು, ಈಗ?

ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ. ಆದೇಶ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ನೀವು ಕೊಟ್ಟ ಉತ್ತರದ ಪ್ರಸ್ತಾಪ ಇದೆಯಾ? ನಿಮಗೆ ತೋರಿಸದ ಯಾವುದಾದರೂ ವರದಿ ಅಥವಾ ಪತ್ರದ ಹೆಸರು ಇದೆಯಾ? ಕಾರಣ ಕೊಟ್ಟಿದ್ದಾರಾ, ಇಲ್ಲ 'ಉತ್ತರ ಸಮಂಜಸವಾಗಿಲ್ಲ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರಾ? ಇಲ್ಲಿ ಗೆರೆ ಹಾಕಿದ ಜಾಗಗಳೇ ನಿಮ್ಮ ರಿಟ್ ಅರ್ಜಿಯ ಅಂಶಗಳು. ಆದೇಶದಲ್ಲಿ ಇಲ್ಲದ ಕಾರಣವನ್ನು ಸರ್ಕಾರ ಆಮೇಲೆ ಕೋರ್ಟಿನಲ್ಲಿ ಪ್ರಮಾಣಪತ್ರ (ಅಫಿಡವಿಟ್) ಹಾಕಿ ಸೇರಿಸಲು ಆಗುವುದಿಲ್ಲ ಎಂದು 1977ರ ಮೋಹಿಂದರ್ ಸಿಂಗ್ ಗಿಲ್ ತೀರ್ಪು ಹೇಳುತ್ತದೆ. ಆದ್ದರಿಂದ ಆದೇಶದ ಒಂದೊಂದು ಸಾಲಿಗೂ ಬೆಲೆ ಇದೆ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಇಡೀ ಕಡತದ ನಕಲು ಕೇಳಿ. ಟಿಪ್ಪಣಿ ಹಾಳೆಗಳು, ವಿಚಾರಣೆಯ ದಿನವಹಿ, ಆವಕ-ಜಾವಕ ವಹಿಯ ಆ ಪುಟ, ಎಲ್ಲವೂ. ಶುಲ್ಕ 10 ರೂಪಾಯಿ, ಮಾಹಿತಿ ಕೊಡಲು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉದ್ದ ಪುರಾಣ ಬರೆದರೆ ವಾಪಸ್ ಬರುತ್ತದೆ. ಟಿಪ್ಪಣಿ ಹಾಳೆಯಲ್ಲಿ ಎಷ್ಟೋ ಸಲ ನಿಜ ಸಂಗತಿ ಸಿಗುತ್ತದೆ. ವಿಚಾರಣೆಗೆ ಮೊದಲೇ ಕರಡು ಆದೇಶ ತಯಾರಾಗಿದ್ದರೆ ಅದರ ತಾರೀಖು ಅಲ್ಲೇ ಇರುತ್ತದೆ.

ಹಂತ 7: ಅಪೀಲಾ, ರಿಟ್ಟಾ? ಎಲ್ಲಿ?

ಬಹಳಷ್ಟು ಕಾಯ್ದೆಗಳಲ್ಲಿ ಅಪೀಲಿನ ದಾರಿ ಇದೆ. ಉತಾರದಲ್ಲಿ ಹೆಸರು ಬದಲಾವಣೆಯ ತಕರಾರಿನಲ್ಲಿ ತಹಶೀಲ್ದಾರರ ಆದೇಶದ ಮೇಲೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ರಡಿ ಎಸಿ ಅವರಿಗೆ ಅಪೀಲು, ಅಲ್ಲಿಂದ 136(3)ರಡಿ ಡಿಸಿ (ಜಿಲ್ಲಾಧಿಕಾರಿ) ಅವರಿಗೆ ರಿವಿಜನ್, ಅಂದರೆ ಮರುಪರಿಶೀಲನೆಯ ಅರ್ಜಿ. ಅದನ್ನು ಬಿಟ್ಟು ನೇರವಾಗಿ ಹೈಕೋರ್ಟಿಗೆ ಹೋದರೆ ಮೊದಲು ಅಲ್ಲಿಗೆ ಹೋಗಿ ಅನ್ನುವುದೇ ರೂಢಿ. ಸಹಜ ನ್ಯಾಯ ಮುರಿದಿದ್ದರೆ ಅಪೀಲು ಇದ್ದರೂ ರಿಟ್ ಕೇಳಬಹುದು ಅಂತ 1998ರ ವರ್ಲ್‌ಪೂಲ್ ಪ್ರಕರಣ ಹೇಳುತ್ತದೆ ನಿಜ. ಆದರೆ ಕೇಳಲೇಬೇಕು ಅಂತ ಹೇಳುವುದಿಲ್ಲ. ನೋಟಿಸೇ ಇಲ್ಲದ, ದಾಖಲೆ ನೋಡಿದ ಕೂಡಲೇ ತಪ್ಪು ಕಾಣುವ ಕೇಸಾದರೆ ಮಾತ್ರ ನೇರವಾಗಿ ಹೋಗಿ. ಉಳಿದಂತೆ ಅಪೀಲಿನ ಅವಧಿ ಕಳೆದುಕೊಳ್ಳಬೇಡಿ.

ರಾಜ್ಯ ಸರ್ಕಾರಿ ನೌಕರರು ಸೇವಾ ವಿಷಯಕ್ಕೆ ಮೊದಲು ಹೋಗಬೇಕಾದದ್ದು ಕೆಎಟಿ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ. ಬೆಳಗಾವಿಯಲ್ಲೇ ಅದರ ಪೀಠವಿದೆ.

ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಅಥವಾ ಬೇರೆ ಸಹಕಾರಿ ಸಂಘದ ಆಡಳಿತ ಮಂಡಳಿಯ ವಿರುದ್ಧ ನೇರ ರಿಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದಕ್ಕೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ತಕರಾರು ಹೂಡಬೇಕು. ಸಹಕಾರ ಇಲಾಖೆಯ ಅಧಿಕಾರಿ ಕಾಯ್ದೆಯಡಿ ಮಾಡಿದ ಆದೇಶ ಬೇರೆ, ಅದರ ಮೇಲೆ ರಿಟ್ ಬರುತ್ತದೆ.

ಮತ್ತೆ, ಎಲ್ಲಿ? ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ. ವಿಜಯಪುರ ಜಿಲ್ಲೆಯವರಿಗೆ ಕಲಬುರಗಿ ಪೀಠ. ಕೃಷ್ಣೆಯ ಆಚೆ ಈಚೆ ಬೀಗರು ಇರುವವರು 'ನಮ್ಮ ಮಾವನ ಕೇಸು ಧಾರವಾಡದಲ್ಲೇ ಇತ್ತು' ಅಂತ ಇಂಡಿಯಿಂದ ಧಾರವಾಡದ ವಕೀಲರಿಗೆ ಕಾಗದ ಕೊಟ್ಟು ತಿಂಗಳು ಕಳೆಯುತ್ತಾರೆ.

ರಿಟ್ ಅರ್ಜಿಗೆ ಇಷ್ಟೇ ದಿನ ಅಂತ ಗಡುವು ಇಲ್ಲ. ಹಾಗಂತ ಕೂರಬೇಡಿ. ಕಾರಣವಿಲ್ಲದ ವಿಳಂಬವೇ ಅರ್ಜಿ ವಜಾ ಆಗಲು ಸಾಕು. ಮೂರು ತಿಂಗಳೊಳಗೆ ಹಾಕಿದರೆ ನಿಶ್ಚಿಂತೆ ಎಂಬುದು ನನ್ನ ಲೆಕ್ಕ.

ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ.

ಹಂತ 8: ವಕೀಲರ ಹತ್ತಿರ ಏನು ಒಯ್ಯಬೇಕು

ನೋಟಿಸ್, ಲಕೋಟೆ, ನಿಮ್ಮ ಅರ್ಜಿಗಳ ಸೀಲು ಬಿದ್ದ ನಕಲು, ಅಂಚೆ ರಸೀದಿ, ಆದೇಶದ ದೃಢೀಕೃತ ನಕಲು, ಮಾಹಿತಿ ಹಕ್ಕಿನಲ್ಲಿ ಬಂದ ಕಡತ. ತಾರೀಖು ಪ್ರಕಾರ ಜೋಡಿಸಿ, ಮೇಲೆ ಒಂದು ಹಾಳೆಯಲ್ಲಿ ಯಾವ ದಿನ ಏನಾಯಿತು ಅಂತ ಬರೆದು ಕೊಡಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಬೇಕಾಗಬಹುದು, ಅದಕ್ಕೆ ಒಂದು ವಾರ ಇಟ್ಟುಕೊಳ್ಳಿ.

ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ. 'ನಿಮ್ಮ ಮಾತು ಕೇಳಿದ್ದರೆ ಏನು ಬದಲಾಗುತ್ತಿತ್ತು?' ಮೊದಲೆಲ್ಲ ಕೇಳದೇ ಇದ್ದದ್ದೇ ಅನ್ಯಾಯ, ಬೇರೆ ಹಾನಿ ತೋರಿಸಬೇಕಿಲ್ಲ ಅನ್ನುವ ದನಿ ಜೋರಾಗಿತ್ತು. 1980ರ ಎಸ್.ಎಲ್. ಕಪೂರ್ ತೀರ್ಪು ಆ ಸಾಲಿನದು. ಈಗ ಕೋರ್ಟುಗಳು ಹಾನಿ ಏನು ಅಂತ ಕೇಳುತ್ತವೆ. 2020ರ ಸುಧೀರ್ ಕುಮಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ 'ನನ್ನನ್ನು ಕೇಳಲಿಲ್ಲ' ಅಂತ ನಿಲ್ಲಿಸಬೇಡಿ. 'ಕೇಳಿದ್ದರೆ 1998ರ ವಾಟ್ನಿ (ಆಸ್ತಿ ಪಾಲು) ಪತ್ರ ತೋರಿಸುತ್ತಿದ್ದೆ, ಅದರಲ್ಲಿ ಈ ದಾರಿಯ ಮಾತೇ ಇಲ್ಲ' ಅಂತ ಮುಂದುವರಿಸಿ, ಆ ಪತ್ರವನ್ನೂ ಲಗತ್ತಿಸಿ.

ಆದೇಶ ಜಾರಿಯಾಗಿಬಿಡುವ ಭಯವಿದ್ದರೆ ಮಧ್ಯಂತರ ತಡೆಯಾಜ್ಞೆಯ ಕೋರಿಕೆ ಅದೇ ಅರ್ಜಿಯಲ್ಲಿ ಇರಲಿ. ಯಾವ ದಾಖಲೆಯನ್ನೂ ಮುಚ್ಚಿಡಬೇಡಿ, ನಿಮಗೆ ವಿರುದ್ಧವಾದದ್ದನ್ನು ಕೂಡ. ಮುಚ್ಚಿಟ್ಟದ್ದು ಹೊರಬಂದರೆ ಒಳ್ಳೆಯ ಅಂಶಗಳನ್ನೂ ಕೋರ್ಟ್ ಕೇಳುವುದಿಲ್ಲ.

ಹಂತ 9: ಗೆದ್ದರೆ ಸಿಗುವುದೇನು

ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ನಿರಾಸೆ ಇರುವುದಿಲ್ಲ. ಹೈಕೋರ್ಟ್ ಆದೇಶ ರದ್ದು ಮಾಡಿ 'ಹೊಸದಾಗಿ ವಿಚಾರಣೆ ನಡೆಸಿ' ಅಂತ ಪ್ರಕರಣವನ್ನು ಅದೇ ಕಚೇರಿಗೆ ವಾಪಸ್ ಕಳಿಸುವುದೇ ಹೆಚ್ಚು. ಹೊಲ ನಿಮ್ಮದು, ಪರವಾನಗಿ ನಿಮ್ಮದು ಅಂತ ಅಲ್ಲೇ ಹೇಳುವುದು ಅಪರೂಪ. ಪಕ್ಷಪಾತದ ಅಂಶವಿದ್ದರೆ ಬೇರೆ ಅಧಿಕಾರಿಯೇ ಕೇಳಬೇಕು ಅಂತ ಅರ್ಜಿಯಲ್ಲೇ ಕೋರಿರಿ, ಜೊತೆಗೆ ಇಷ್ಟು ದಿನದೊಳಗೆ ಮುಗಿಸಬೇಕು ಅಂತಲೂ. ಸೋತರೆ, ಏಕಸದಸ್ಯ ಪೀಠದ ಆದೇಶದ ಮೇಲೆ 30 ದಿನಗಳೊಳಗೆ ವಿಭಾಗೀಯ ಪೀಠಕ್ಕೆ (ಇಬ್ಬರು ನ್ಯಾಯಮೂರ್ತಿಗಳ ಪೀಠ) ರಿಟ್ ಅಪೀಲು ಹಾಕಬಹುದು.

ಪ್ರಕರಣ ವಾಪಸ್ ಬಂದ ಮೇಲೆ ಹೊಸ ನೋಟಿಸಿಗಾಗಿ ಮನೆಯಲ್ಲಿ ಕಾಯಬೇಡಿ. ಹೈಕೋರ್ಟ್ ಆದೇಶದ ದೃಢೀಕೃತ ನಕಲನ್ನು ಒಂದು ಮುಖಪತ್ರದ ಜೊತೆ ನೀವೇ ಒಯ್ದು ಟಪಾಲಿಗೆ ಕೊಡಿ. ಹಂತ 2ರ ಅರ್ಜಿಯನ್ನು ಹೊಸ ತಾರೀಖಿನೊಂದಿಗೆ ಅವತ್ತೇ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ.